ಲಾವಂಚದ ತಡಿಕೆಯಿಂದ ತಂಪು ಯಂತ್ರದವರೆಗೆ

ವೈಶಾಖ ಕಾಲಿಟ್ಟಿತೆಂದರೆ ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಕುಶಲಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳಿಬರುತ್ತದೆ: “ನಿಮಗೆ ಗೊತ್ತಿರುವ ಒಳ್ಳೆಯ ಎ.ಸಿ. ಮಿಸ್ತ್ರಿ ಯಾರಾದರೂ ಇದ್ದಾರೆಯೆ?” ಪುಷ್ಯಮಾಸದಲ್ಲಿ ನಾಸಿಕದ ಬಂಧುಗಳು ಇದೇ ಧಾಟಿಯಲ್ಲಿ ಗೀಸರ್ ರಿಪೇರಿಯವನನ್ನು ವಿಚಾರಿಸುತ್ತಾರೆ. ಊರು ಬಿಟ್ಟು ಬಂದವರಿಗೆ ನೆಂಟರ ಪರಿಚಯಕ್ಕಿಂತ ಮಿಸ್ತ್ರಿಯ ಪರಿಚಯವೇ ಒಮ್ಮೊಮ್ಮೆ ಹೆಚ್ಚು ಬೆಲೆಬಾಳುತ್ತದೆ. ಇದು ಈಚಿನ ಕಾಲದ ತೊಂದರೆಯೆಂದು ನಾವು ಭಾವಿಸುವುದುಂಟು. ಆದರೆ ಮನೆಯನ್ನು ತಂಪಾಗಿಡುವವರು ಯಾರು, ಅದಕ್ಕೆ ಬೇಕಾದ ನೀರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಈ ನೆಲದಲ್ಲಿ ಬಹು ಹಳೆಯದು. ಅದರ ಇತಿಹಾಸವನ್ನು ವಾಚಕರ ಮುಂದಿಡುವುದು ಈ ಕಿರುಲೇಖನದ ಉದ್ದೇಶ.

ಮೊದಲು ವೇರೂಳವನ್ನೇ, ಎಂದರೆ ಎಲ್ಲೋರವನ್ನೇ ತೆಗೆದುಕೊಳ್ಳೋಣ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಕೈಲಾಸ ದೇವಾಲಯವನ್ನು ಅಲ್ಲಿ ಒಂದೇ ಬಂಡೆಯಲ್ಲಿ ಕಡೆದರು. ಅದನ್ನು ಕಂಡಾಗಲೆಲ್ಲ ಕನ್ನಡಿಗರಾದ ನಮಗೆ ಹೆಮ್ಮೆಯೆನಿಸುವುದು ಸಹಜ. ಆದರೆ ಮೇ ತಿಂಗಳ ನಡುಹಗಲಿನಲ್ಲಿ ಅಲ್ಲಿಯ ಗುಹೆಯೊಂದರ ಒಳಗೆ ನಿಂತವರಿಗೆ ಇನ್ನೊಂದು ಸಂಗತಿಯೂ ಮನವರಿಕೆಯಾಗುತ್ತದೆ. ಹೊರಗೆ ಕಲ್ಲು ಕಾದು ಕೆಂಡವಾಗಿದ್ದರೂ ಒಳಗೆ ಹಿತವಾದ ತಂಪಿರುತ್ತದೆ. ದಪ್ಪ ಬಂಡೆ ಬಿಸಿಲನ್ನು ಬಹು ನಿಧಾನವಾಗಿ ಒಳಗೆ ಬಿಡುತ್ತದೆ. ಹಗಲಿನ ಕಾವು ಒಳಮುಟ್ಟುವ ಮೊದಲೇ ರಾತ್ರಿಯಾಗಿರುತ್ತದೆ. ನಾಸಿಕದ ಪಾಂಡವಲೇಣಿಯಲ್ಲಿ ಸಾತವಾಹನರ ಕಾಲದ ಬೌದ್ಧ ಭಿಕ್ಷುಗಳು ವಾಸಿಸಿದ ಕೋಣೆಗಳ ಗುಟ್ಟೂ ಇದೇ.

ಎಲ್ಲರೂ ಬಂಡೆಯೊಳಗೆ ಬಾಳಲಾಗದು. ಆದ್ದರಿಂದ ನೀರಿನ ಮೊರೆಹೋದರು. ಬಹಮನೀ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಅಲ್ಲಿ ಪರ್ಷಿಯಾ ದೇಶದ ಪದ್ಧತಿಯ ಕರೇಜುಗಳು, ಎಂದರೆ ನೆಲದಡಿಯ ಸುರಂಗ ಕಾಲುವೆಗಳು, ತೋಡಲ್ಪಟ್ಟವು. ನೌಬಾದಿನ ಕರೇಜನ್ನು ಈಚಿನ ವರ್ಷಗಳಲ್ಲಿ ಹೂಳೆತ್ತಿ ಶುಚಿಗೊಳಿಸಲಾಗಿದೆ. ಇದೇ ಬಗೆಯ ವಿದ್ಯೆ ಇಲ್ಲಿಯೂ ಕಾಣಿಸಿಕೊಂಡಿತು. ಅಬಿಸೀನಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಕೊನೆಗೆ ಅಹಮದನಗರದ ನಿಜಾಮಶಾಹಿಯ ಆಧಾರಸ್ತಂಭವಾದ ಮಲಿಕ್ ಅಂಬರನು 1610ರ ಸುಮಾರಿನಲ್ಲಿ ಖಡಕಿ ಎಂಬ ನಗರವನ್ನು ಕಟ್ಟಿದನು. ಇಂದಿನ ಸಂಭಾಜಿನಗರದ ಮೂಲ ಅದೇ. ಉತ್ತರದ ಗುಡ್ಡಗಳಿಂದ ನಗರಕ್ಕೆ ನೀರು ತರಲು ಅವನು ಮಾಡಿಸಿದ ನೆಲದಡಿಯ ಕಾಲುವೆಗೆ ನಹರ್-ಎ-ಅಂಬರಿ ಎಂದು ಹೆಸರು.

ಇಂಥದೇ ಇನ್ನೊಂದು ಕಾಲುವೆಯ ನೀರಿನಿಂದ ನಡೆದದ್ದು ಬಾಬಾ ಶಾ ಮುಸಾಫಿರರ ದರ್ಗಾದ ಪನ್‌ಚಕ್ಕಿ. ನೀರಿನ ಬಲದಿಂದ ತಿರುಗುವ ಬೀಸುವ ಕಲ್ಲನ್ನು ನೋಡಲು ಪ್ರವಾಸಿಗರು ಮುಗಿಬೀಳುತ್ತಾರೆ. ನಾವು ಹೇಳಬಯಸುವುದು ಅದರ ಕೊಳದ ಕೆಳಗಿನ ವಿಶಾಲವಾದ ಪಡಸಾಲೆಯ ಮಾತು. ಸಾಲುಗಂಬಗಳ ಮೇಲೆ ನಿಂತಿರುವ ಈ ಪಡಸಾಲೆಗೆ ಕೊಳದ ತಳವೇ ಮಾಳಿಗೆ! ತಲೆಯ ಮೇಲೆ ನೀರು, ಕೆಳಗೆ ನೆರಳು. ದರ್ಗಾಕ್ಕೆ ಬಂದ ಯಾತ್ರಿಕರು ಬೇಸಗೆಯಲ್ಲಿ ಇಲ್ಲಿ ತಂಗುತ್ತಿದ್ದರು. ಬೀಸುವ ಕಲ್ಲು ತಿರುಗಿಸಲೆಂದು ತಂದ ನೀರೇ ಬಡ ದಾರಿಹೋಕನನ್ನೂ ತಂಪಾಗಿಟ್ಟಿತು. ಅರಮನೆಯ ಹೊರಗಿನ ಜನಕ್ಕೆ ದೊರೆತ ಇಂಥ ಸೌಕರ್ಯ ನಮ್ಮ ನಗರದಲ್ಲಿದೆಯೆಂಬುದು ಸಣ್ಣ ಮಾತಲ್ಲ.

ಅರಮನೆಗಳಲ್ಲಂತೂ ತಂಪಿಗೆ ಕೊರತೆಯಿರಲಿಲ್ಲ. ವಿಜಯಪುರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಆದಿಲಶಾಹಿಗಳ ಜಲಮಂಟಪಗಳನ್ನು ಇಂದಿಗೂ ಕಾಣಬಹುದು. ಉತ್ತರದಲ್ಲಿ ಅಕ್ಬರನ ಆಸ್ಥಾನದ ಅಬುಲ್ ಫಜಲನು ಬರೆದ ಐನ್-ಎ-ಅಕ್ಬರಿಯಲ್ಲಿ ಲಾವಂಚದ ಬೇರಿನ ತಡಿಕೆಗಳನ್ನು ಕಟ್ಟಿ ನೀರು ಚಿಮುಕಿಸುವ ಪದ್ಧತಿಯ ಉಲ್ಲೇಖವಿದೆ. ಒಣಗಾಳಿ ಒದ್ದೆ ಬೇರಿನ ಮೂಲಕ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಇಂದಿನ ಕೂಲರಿನಲ್ಲಿ ಲಾವಂಚದ ಬದಲು ಮರದ ಹೊಟ್ಟಿನ ಅಥವಾ ಕಾಗದದ ಪದರವಿದೆ, ಬೀಸುವ ಗಾಳಿಯ ಬದಲು ಮೋಟಾರಿನ ರೆಕ್ಕೆಯಿದೆ. ತತ್ತ್ವದಲ್ಲಿ ಭೇದವೇನೂ ಇಲ್ಲ.

ಆದರೆ ಆ ತಡಿಕೆಗೆ ನೀರು ಹಾಕಿದವರಾರು? ಚರ್ಮದ ಚೀಲದಲ್ಲಿ ನೀರು ಹೊತ್ತ ಭಿಷ್ತಿಗಳು. ಬ್ರಿಟಿಷರ ಕಾಲದ ಬಂಗಲೆಗಳಲ್ಲಿ, ಕಚೇರಿಗಳಲ್ಲಿ ಮಾಡಿಗೆ ತೂಗುಹಾಕಿದ ಪಂಖಾದ ಹಗ್ಗವನ್ನು ಗಂಟೆಗಟ್ಟಲೆ ಎಳೆದವರು ಹೊರಗಿನ ಬಿಸಿಲಿನಲ್ಲಿ ಕುಳಿತಿದ್ದ ಆಳುಗಳು. ಒಳಗಿನ ಒಬ್ಬನ ತಂಪು ಹೊರಗಿನ ಒಬ್ಬನ ಬೆವರಾಗಿತ್ತು. ಇತಿಹಾಸದ ಪುಸ್ತಕಗಳಲ್ಲಿ ಸುಲ್ತಾನರ ಹೆಸರುಗಳಿವೆ, ಇವರ ಹೆಸರುಗಳಿಲ್ಲ.

ಸಾಮಾನ್ಯರು ಭಿಷ್ತಿಯನ್ನು ಇಡಲಾರರು. ಅವರ ಮನೆಯೇ ಅವರ ಸೇವಕ. ಬೀದರ, ಕಲಬುರಗಿ, ವಿಜಯಪುರಗಳ ಮಾಳಿಗೆ ಮನೆಗಳ ದಪ್ಪ ಗೋಡೆ, ಮೇಲೆ ಮಣ್ಣಿನ ಹೊದಿಕೆ, ಬಿಸಿಗಾಳಿ ಮೇಲೇರಿ ಹೋಗಲು ಬೆಳಕಿಂಡಿ. ಹಳೆಯ ಮೈಸೂರಿನ ತೊಟ್ಟಿ ಮನೆಯ ನಡುವಣ ತೆರಪು. ನಾಸಿಕದ ಹಳೆಯ ವಾಡೆಗಳ ಒಳಚೌಕ, ಒಬ್ಬರ ನೆರಳು ಇನ್ನೊಬ್ಬರ ಗೋಡೆಯ ಮೇಲೆ ಬೀಳುವಂಥ ಕಿರಿದಾದ ಓಣಿ—ಇವೆಲ್ಲ ಒಂದೇ ಅನುಭವದ ಬೇರೆ ಬೇರೆ ರೂಪಗಳು. ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂಬುದನ್ನು ಊರಿನ ಗೌಂಡಿ ಬಲ್ಲವನಾಗಿದ್ದನು.

ಚಳಿಗಾಲದ ಏರ್ಪಾಟೂ ಹೀಗೆಯೇ. ನಮ್ಮ ಕಡೆಯ ಬಚ್ಚಲಲ್ಲಿ ಒಲೆಯ ಮೇಲಿನ ತಾಮ್ರದ ಹಂಡೆ. ಇಲ್ಲಿಯ ಮನೆಗಳಲ್ಲಿ ನಡುವೆ ಕೆಂಡದ ಕೊಳವೆಯಿರುವ ತಾಮ್ರದ ಬಂಬು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಪೂಜಿಸುವುದು ವರ್ಷಕ್ಕೊಮ್ಮೆಯ ಸಡಗರವಷ್ಟೇ ಆಗಿರಲಿಲ್ಲ. ಚಳಿಗಾಲಕ್ಕೆ ಮುನ್ನ ಉಪಕರಣವನ್ನು ಪರೀಕ್ಷಿಸುವ ಕ್ರಮವೂ ಆಗಿತ್ತು. ಇಂದು ಗೀಸರನ್ನು ಹಾಗೆ ವರ್ಷಕ್ಕೊಮ್ಮೆ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನು ಯಂತ್ರದ ಕಾಲ. 1833ರಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಹಡಗಿನಲ್ಲಿ ಕೆರೆಯ ಮಂಜುಗಡ್ಡೆ ಕಲ್ಕತ್ತೆಗೆ ಬಂದಿತು. ಮುಂದೆ ಮುಂಬಯಿ, ಮದ್ರಾಸುಗಳಿಗೂ ಬರತೊಡಗಿತು. ಆ ಮಂಜುಗಡ್ಡೆಯ ನೆನಪು ನಮ್ಮ ಗೋಡೆಯ ಮೇಲೆ ಇನ್ನೂ ಉಳಿದಿದೆ. “ಒಂದೂವರೆ ಟನ್ನಿನ ಎ.ಸಿ.” ಎನ್ನುತ್ತೇವಷ್ಟೆ? ಅದು ಯಂತ್ರದ ತೂಕವಲ್ಲ. ಸುಮಾರು 907 ಕಿಲೋ, ಎಂದರೆ ಅಮೆರಿಕದ ಒಂದು ಟನ್, ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖವೇ ಒಂದು ‘ಟನ್’. ಹಾಗಾದರೆ ಒಂದೂವರೆ ಟನ್ನಿನ ಯಂತ್ರ ಹಗಲಿರುಳು ಓಡಿದರೆ ದಿನಕ್ಕೆ ಸುಮಾರು 1,360 ಕಿಲೋ ಮಂಜುಗಡ್ಡೆಯನ್ನು ಕೋಣೆಯಲ್ಲಿ ಕರಗಿಸಿದಂತೆ!

1902ರ ಜೂನ್ ಕೊನೆಯಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಮರುತಿಂಗಳೇ, ಜುಲೈ 1902ರಲ್ಲಿ, ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದ ತೇವಕ್ಕೆ ಹಿಗ್ಗದಂತೆ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ಆಧುನಿಕ ಹವಾನಿಯಂತ್ರಣದ ನಕ್ಷೆಯನ್ನು ಸಿದ್ಧಪಡಿಸಿದನು. ಹವಾನಿಯಂತ್ರಣ ಹುಟ್ಟಿದ್ದು ಮನುಷ್ಯನಿಗಾಗಿ ಅಲ್ಲ, ಕಾಗದಕ್ಕಾಗಿ ಎಂಬುದು ವಿನೋದದ ಸಂಗತಿ. ನಮ್ಮ ದೇಶದಲ್ಲಿ 1943ರಲ್ಲಿ ಬ್ಲೂ ಸ್ಟಾರ್, 1954ರಲ್ಲಿ ವೋಲ್ಟಾಸ್ ಸಂಸ್ಥೆಗಳು ಸ್ಥಾಪನೆಯಾದವು.

1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳೂ ಅಂದಿನ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ದಿನ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನೂ ಮರಾಠವಾಡವು ಮುಂಬಯಿ ರಾಜ್ಯವನ್ನೂ ಸೇರಿದವು. ಗಡಿ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ನಾಸಿಕಕ್ಕೂ ಕನ್ನಡ ನಾಡಿಗೂ ಉದ್ಯೋಗದ ನಂಟು ಬೆಳೆಯಿತು. 1964ರಲ್ಲಿ ಓಝರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಹೀಗೆ ಬಂದ ನಾವು ವಾಡೆಗಳಲ್ಲಿ ಅಲ್ಲ, ಕಾಂಕ್ರೀಟಿನ ಫ್ಲ್ಯಾಟುಗಳಲ್ಲಿ ನೆಲೆಸಿದೆವು. ಗೋಡೆ ತೆಳುವಾಯಿತು, ಬೆಳಕಿಂಡಿ ಹೋಯಿತು, ಮಿಸ್ತ್ರಿ ಬೇಕಾದನು.

ಕೆಲವು ವರ್ಷಗಳ ಹಿಂದಿನ ಒಂದು ಮೇ ತಿಂಗಳು. ನಮ್ಮ ಮನೆ ಮೇಲಿನ ಅಂತಸ್ತಿನದು. ಯಂತ್ರ ಕೆಟ್ಟಿತು, ದುರಸ್ತಿಯವರು ಮೂರು ದಿನ ತಡೆಯಿರೆಂದರು. ಬೀದರಿನಿಂದ ಬಂದಿದ್ದ ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ. ಎರಡನೆಯ ಮಧ್ಯಾಹ್ನ ಅವರಿಗೆ ತಲೆ ಸುತ್ತಿ ಬಂದು, ಮಾತು ತೊದಲಿತು. ನಾವು ಗಾಬರಿಗೊಂಡು ಆಸ್ಪತ್ರೆಗೆ ಕರೆದೊಯ್ದೆವು. ದೈವಕೃಪೆಯಿಂದ ಸಂಜೆಗೆ ಚೇತರಿಸಿಕೊಂಡರು. ಮನೆಗೆ ಬಂದ ಮೇಲೆ ಅವರು ಮಾಡಿಸಿದ ಏರ್ಪಾಟು ಇಷ್ಟು: ಪಡುವಣ ಕಿಟಕಿಗೆ ಹೊರಗಿನಿಂದ ಒದ್ದೆ ಗೋಣಿತಟ್ಟು, ಎದುರಿನ ಕಿಟಕಿ ತೆರೆದದ್ದು, ಮಾಳಿಗೆಗೆ ಎರಡು ಸಲ ಸುಣ್ಣ. “ತಮ್ಮಾ, ಗಾಳಿ ಬರ್ಲಿಕ್ಕೂ ದಾರಿ ಬೇಕು, ಹೋಗ್ಲಿಕ್ಕೂ ದಾರಿ ಬೇಕು. ನೀವು ಪೆಟಾರಿ ಕಟ್ಟಿ ಅದ್ರಾಗ ಮಿಷಿನ್ ಇಟ್ಟೀರಿ,” ಎಂದರು. ನಾವು ಮರುಮಾತಾಡಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದು ಸರಿಯಲ್ಲ. ವೃದ್ಧರಿಗೂ ರೋಗಿಗಳಿಗೂ ಕಡುಬೇಸಗೆಯಲ್ಲಿ ಅದು ಪ್ರಾಣರಕ್ಷಕವೇ ಸರಿ. ಆದರೆ ಲೆಕ್ಕವನ್ನು ಮರೆಯಬಾರದು. ಒಂದೂವರೆ ಟನ್ನಿನ ಯಂತ್ರ ಪೂರ್ಣವೇಗದಲ್ಲಿ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ತನ್ನು ಬಯಸುತ್ತದೆ. ಅಷ್ಟೇ ಶಾಖವನ್ನು ನೀರಿನ ಆವಿಯಿಂದ ಕಳೆಯಬೇಕಾದರೆ ಗಂಟೆಗೆ ಸುಮಾರು 8 ಲೀಟರ್ ನೀರು ಬೇಕು; ಹತ್ತು ಗಂಟೆಗೆ 80 ಲೀಟರ್. ಕರೆಂಟಿನ ಖರ್ಚು ಉಳಿದರೂ ನೀರಿನ ಖರ್ಚು ತಪ್ಪದು. ನಲ್ಲಿಯಲ್ಲಿ ಹಲವು ದಿನಗಳಿಗೊಮ್ಮೆ ನೀರು ಬಂದ ಬೇಸಗೆಗಳನ್ನು ಈ ನಗರದವರು ಕಂಡಿದ್ದಾರೆ. ಈ ನೀರು ಬರುವುದು 1976ರಲ್ಲಿ ಉದ್ಘಾಟನೆಯಾದ ಪೈಠಣದ ಜಾಯಕವಾಡಿ ಜಲಾಶಯದಿಂದ; ಅಲ್ಲಿಗೆ ಬರುವುದು ನಾಸಿಕದ ಕಡೆಯ ಗೋದಾವರಿಯಿಂದ. ಮೇಲಿನವರು ಎಷ್ಟು ಬಿಡಬೇಕೆಂಬ ವಾದ ನ್ಯಾಯಾಲಯದವರೆಗೂ ಹೋದದ್ದುಂಟು. ಕಾವೇರಿ, ಕೃಷ್ಣೆಯರ ವಾದಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ಹೊಸದಾಗಿ ಬಂದ ಬಂಧುಗಳಿಗೆ ಅನುಭವದ ನಾಲ್ಕು ಮಾತು. ಮಿಸ್ತ್ರಿಯನ್ನು ಚೈತ್ರಕ್ಕೆ ಮೊದಲೇ ಕರೆಸಿರಿ. ವೈಶಾಖದಲ್ಲಿ ಅವನು ಯಾರ ಕೈಗೂ ಸಿಗನು. “ಗ್ಯಾಸ್ ಮುಗಿದಿದೆ” ಎಂದು ವರ್ಷವರ್ಷವೂ ತುಂಬಿಸುವವನನ್ನು ನಂಬಬೇಡಿರಿ; ಅದು ಉರಿದು ಮುಗಿಯುವ ವಸ್ತುವಲ್ಲ; ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದರ್ಥ, ಆ ಸೋರಿಕೆಯನ್ನು ಮೊದಲು ಮುಚ್ಚಿಸಿರಿ. ಗೀಸರಿಗೂ ಕೂಲರಿಗೂ ಅರ್ಥಿಂಗ್ ಸರಿಯಿದೆಯೆ ಎಂದು ತಪ್ಪದೆ ನೋಡಿಸಿರಿ. ನೀರಿನೊಡನೆ ಕರೆಂಟು ಸೇರಿದರೆ ಪ್ರಾಣಾಪಾಯ. 2020ರಿಂದ ಹೊಸ ಯಂತ್ರಗಳು 24 ಡಿಗ್ರಿಗೇ ಆರಂಭವಾಗುವಂತೆ ಸರಕಾರ ನಿಯಮ ಮಾಡಿದೆ. ಅದಕ್ಕಿಂತ ಕೆಳಗಿಳಿಸುವ ಮುನ್ನ ಒಮ್ಮೆ ಯೋಚಿಸಿರಿ.

ಮತ್ತು ನಡುಹಗಲಿನಲ್ಲಿ ಐದನೆಯ ಅಂತಸ್ತಿನ ಹೊರಗೋಡೆಗೆ ಜೋತುಬಿದ್ದು ನಿಮ್ಮ ಯಂತ್ರವನ್ನು ದುರಸ್ತಿ ಮಾಡುವ ಹುಡುಗನಿಗೆ ಮೊದಲು ಒಂದು ಚೊಂಬು ನೀರು ಕೊಡಿರಿ. ಅವನ ಹೆಸರನ್ನೂ ಕೇಳಿರಿ. ಭಿಷ್ತಿಯ ಹೆಸರನ್ನು, ಪಂಖಾ ಎಳೆದವನ ಹೆಸರನ್ನು ನಾವು ಉಳಿಸಿಕೊಳ್ಳಲಿಲ್ಲ. ಇವನ ಹೆಸರಾದರೂ ನಮಗೆ ತಿಳಿದಿರಲಿ.