ಮೊಬೈಲಿನ ಕನ್ನಡ ಕೀಲಿಮಣೆ: ಎರಡು ಲಿಪಿಗಳ ಮನೆಗಳಿಗೆ ತಿಳಿದಿರಬೇಕಾದ ಸಂಗತಿಗಳು

ಮೊಬೈಲಿನ ತೆರೆಯ ಮೇಲೆ ಮೂಡುವ ಕೀಲಿಮಣೆಯು ಫೋನಿನ ಅಂಗವಲ್ಲ. ಆಟ, ಪಾಠ, ಹಣಪಾವತಿಯ ಆ್ಯಪ್‌ಗಳಂತೆ ಅದೂ ಬೇಕಾದಾಗ ಬದಲಿಸಿಕೊಳ್ಳಬಹುದಾದ ಪ್ರತ್ಯೇಕ ತಂತ್ರಾಂಶ. ಈ ಸಂಗತಿ ಬಹಳ ಮನೆಗಳಲ್ಲಿ ತಿಳಿದಿಲ್ಲ. ಅಂಗಡಿಯವರು ಹೊಂದಿಸಿಕೊಟ್ಟ ಭಾಷೆಗಳೇ ಫೋನಿನ ಆಯುಷ್ಯವಿಡೀ ಉಳಿದುಬಿಡುತ್ತವೆ. ಗಡಿಯಾಚೆಯ ಊರುಗಳಲ್ಲಿ ಆ ಭಾಷೆಗಳು ಇಂಗ್ಲಿಷ್ ಮತ್ತು ಆಯಾ ರಾಜ್ಯದ ಭಾಷೆಯಾಗಿರುವುದು ಸಹಜ. ಶಾಲೆಯಲ್ಲಿ ಕನ್ನಡದಲ್ಲೇ ಗಣಿತ, ವಿಜ್ಞಾನ ಓದುವ ಮಗು ಗೆಳೆಯರಿಗೆ ಸಂದೇಶ ಬರೆಯುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತದೆ. ದಿನಕ್ಕೆ ನೂರಾರು ಪದಗಳ ಈ ಅಭ್ಯಾಸ ಲಿಪಿಯಿಂದ ಹೊರಗೆ ನಡೆಯುತ್ತಿದೆ ಎಂಬುದನ್ನು ಹಗುರವಾಗಿ ಕಾಣುವಂತಿಲ್ಲ.

ಕೀಲಿಯಿಂದ ಅಕ್ಷರದವರೆಗೆ

ಕೀಲಿಯನ್ನು ಒತ್ತಿದಾಗ ಕೀಲಿಮಣೆಯು ಅಕ್ಷರದ ಚಿತ್ರವನ್ನು ಕಳುಹಿಸುವುದಿಲ್ಲ. ಒಂದು ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ಆ ಸಂಖ್ಯೆಗಳನ್ನು ಜಗತ್ತಿನ ಎಲ್ಲ ಲಿಪಿಗಳಿಗೆ ಹಂಚಿಕೊಟ್ಟ ವ್ಯವಸ್ಥೆಯೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ದೊರೆಯಿತು. ಆ ಓಣಿಯ ಒಂದು ಪಕ್ಕದಲ್ಲಿ ತೆಲುಗು, ಇನ್ನೊಂದು ಪಕ್ಕದಲ್ಲಿ ಮಲಯಾಳ. ಭೂಪಟದ ನೆರೆಹೊರೆ ಅಲ್ಲಿಯೂ ಹಾಗೆಯೇ ಉಳಿದಿದೆ. ಭಾರತ ಸರಕಾರ ಮೊದಲೇ ರೂಪಿಸಿದ್ದ ಇಸ್ಕಿ ಸಂಕೇತಪದ್ಧತಿಯನ್ನು ಅನುಸರಿಸಿದ್ದರಿಂದ ಕನ್ನಡದ ‘ಕ’ ತನ್ನ ಓಣಿಯಲ್ಲಿ ಎಷ್ಟನೆಯ ಮನೆಯೋ, ತೆಲುಗು, ಮಲಯಾಳ, ತಮಿಳು, ದೇವನಾಗರಿಗಳ ‘ಕ’ಕಾರವೂ ತಂತಮ್ಮ ಓಣಿಯಲ್ಲಿ ಅಷ್ಟನೆಯ ಮನೆಯೇ.

ಬಳಕೆ ತಪ್ಪಿದ ‘ೞ’ಕ್ಕೂ ಅಲ್ಲಿ ಸ್ಥಾನವಿದೆ. ಆದರೆ ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹಾಗೆಯೇ ನಿಂತಿದೆ. ಅದಕ್ಕೆ ಸಂವಾದಿಯಾದ ಮಲಯಾಳ, ತಮಿಳು ಅಕ್ಷರಗಳನ್ನು ದಿನನಿತ್ಯ ಉಚ್ಚರಿಸುವ ಕಾಸರಗೋಡು, ತಾಳವಾಡಿಯ ಮಕ್ಕಳಿಗೆ ಹಳಗನ್ನಡದ ಪಾಠದಲ್ಲಿ ಈ ಅಕ್ಷರ ಪರಕೀಯವೆನಿಸಲಾರದು.

ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆಯಿಲ್ಲ. ವ್ಯಂಜನ, ಹಲಂತ ಚಿಹ್ನೆ (್), ಮತ್ತೆ ವ್ಯಂಜನ ಎಂಬ ಸರಣಿಯಿಂದ ಅವು ಹುಟ್ಟುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯಂತ್ರಕ್ಕೆ ಆರು ಸಂಕೇತಗಳು: ಸ, ್, ತ, ್, ರ, ೀ. ಸಾಮಾನ್ಯ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಎಡೆಯಿದ್ದರೆ ಕನ್ನಡಕ್ಕೆ 70 ಸಂಕೇತಗಳಿಗೆ ಮಾತ್ರ ಇರುವುದರಿಂದ, ಕನ್ನಡ ಸಂದೇಶ ಬೇಗನೆ ಎರಡು ಮೂರು ಸಂದೇಶಗಳಾಗಿ ಒಡೆಯುತ್ತದೆ.

ಈ ಸರಣಿಯನ್ನು ಜೋಡಿಸಿ ತೆರೆಯ ಮೇಲೆ ಬರೆಯುವ ಕೆಲಸ ಕೀಲಿಮಣೆಯದಲ್ಲ, ಫೋನಿನ ಕಾರ್ಯಾಚರಣ ವ್ಯವಸ್ಥೆಯದು. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳ ಲಿಪಿಗಳಿಗೆ ಬೆಂಬಲ ಸೇರಿದ್ದು 2012ರ 4.1ನೆಯ ಆವೃತ್ತಿಯಲ್ಲಿ. ಐಫೋನಿಗೆ ಕಂಪನಿಯದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಒಎಸ್ 11ರ ಜೊತೆಗೆ. ಆದುದರಿಂದ ಹಳೆಯ ಫೋನಿನಲ್ಲಿ ಅಕ್ಷರದ ಬದಲು ಚೌಕಗಳು ಕಂಡರೆ ಕೀಲಿಮಣೆಯನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ.

ಬರೆಯುವ ಬಗೆಗಳು

ಹೆಚ್ಚು ಜನರು ಬಳಸುವುದು ಲಿಪ್ಯಂತರ ವಿಧಾನವನ್ನು: ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಾಡಿಸಿದರೆ ತಂತ್ರಾಂಶವು ಕನ್ನಡ ಪದವನ್ನು ಊಹಿಸಿ ಮುಂದಿಡುತ್ತದೆ. ಗೂಗಲ್‌ನ ಜಿಬೋರ್ಡ್‌ನಲ್ಲಿ ಈ ಸೌಲಭ್ಯವಿದೆ. ದೊಡ್ಡವರಿಗೆ ಇದು ಅನುಕೂಲವೇ ಸರಿ. ಆದರೆ ಕಲಿಯುವ ಮಗುವಿಗೆ ಇದರಲ್ಲೊಂದು ತೊಡಕಿದೆ. ಬಿ-ಇ-ಎಲ್-ಇ ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿದಾಗ ಅದು ಬೆಲೆಯೋ, ಬೆಳೆಯೋ, ಬೇಳೆಯೋ ಎಂಬ ನಿರ್ಧಾರವನ್ನು ಮೊದಲು ಮಾಡುವುದು ತಂತ್ರಾಂಶ. ಲ–ಳ, ನ–ಣ, ಅಲ್ಪಪ್ರಾಣ–ಮಹಾಪ್ರಾಣಗಳ ವಿವೇಚನೆಯೇ ಮಗುವಿನ ಕೈತಪ್ಪುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಊಹಿಸಿಕೊಡುವವರು ಯಾರೂ ಇರುವುದಿಲ್ಲ.

ಧ್ವನ್ಯಾತ್ಮಕ ವಿನ್ಯಾಸ ಇದಕ್ಕಿಂತ ಭಿನ್ನ. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರಕಾರದ ಮನ್ನಣೆ ಪಡೆದು ‘ನುಡಿ’ಯಲ್ಲಿ ಬಳಕೆಗೆ ಬಂದ ವಿನ್ಯಾಸದಲ್ಲಿ ಕೀಲಿಗಳು ಇಂಗ್ಲಿಷಿನ ಧ್ವನಿಗೆ ಹತ್ತಿರವಾಗಿದ್ದರೂ ಪ್ರತಿ ಕೀಲಿಗೂ ನಿಶ್ಚಿತ ಕನ್ನಡ ಅಕ್ಷರವಿದೆ, ಊಹೆಗೆ ಎಡೆಯಿಲ್ಲ. ಎಫ್ ಕೀಲಿ ಹಲಂತ. ಎ, ಕೆ, ಎಫ್, ಕೆ ಒತ್ತಿದರೆ ‘ಅಕ್ಕ’. ಕರ್ನಾಟಕದ ಕಚೇರಿಗಳಲ್ಲಿ ಮುಂದೆ ಕೆಲಸ ಮಾಡಬಯಸುವವರಿಗೆ ಇದು ಉಪಯುಕ್ತ.

ಗಡಿನಾಡಿನ ಮಕ್ಕಳಿಗೆ ನಾವು ಮೊದಲು ಸೂಚಿಸುವುದು ಮಾತ್ರ ಮೂರನೆಯದನ್ನು: ಇನ್‌ಸ್ಕ್ರಿಪ್ಟ್. ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಪ್ರಮಾಣೀಕರಿಸಿದ ಈ ವಿನ್ಯಾಸದಲ್ಲಿ ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಹಂಚಿವೆ; ಮುಖ್ಯವಾಗಿ, ಭಾರತೀಯ ಲಿಪಿಗಳೆಲ್ಲಕ್ಕೂ ಕೀಲಿಗಳ ಸ್ಥಾನ ಒಂದೇ. ಶಿಫ್ಟ್ ಸಹಿತ ಡಿ, ಬಳಿಕ ಸಿ, ಡಿ, ಸಿ ಎಂದು ನಾಲ್ಕು ಬಾರಿ ಒತ್ತಿದರೆ ಕನ್ನಡದಲ್ಲಿ ‘ಅಮ್ಮ’ ಮೂಡುತ್ತದೆ. ಭಾಷೆಯನ್ನು ಮಲಯಾಳಕ್ಕೆ ಬದಲಿಸಿ ಅದೇ ನಾಲ್ಕು ಒತ್ತುಗಳನ್ನು ಒತ್ತಿದರೆ ಮಲಯಾಳದ ಅಮ್ಮ, ತೆಲುಗಿಗೆ ಬದಲಿಸಿದರೆ ತೆಲುಗಿನ ಅಮ್ಮ. ಮನೆಯ ಭಾಷೆಗೊಂದು, ರಾಜ್ಯದ ಭಾಷೆಗೊಂದು ಎಂದು ಎರಡು ಬಾರಿ ಕಲಿಯಬೇಕಾಗಿಲ್ಲ.

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಮಕ್ಕಳಿಗೆ ಈ ಲಾಭ ಕಣ್ಣಿಗೆ ಕಾಣುವಂತಹದು. ಕೇರಳದ ಸರಕಾರಿ ಶಾಲೆಗಳ ಗಣಕ ಕೊಠಡಿಗಳಲ್ಲಿ ಉಬುಂಟು ಆಧಾರಿತ ಸ್ವತಂತ್ರ ತಂತ್ರಾಂಶವಿದ್ದು, ಅದರಲ್ಲಿ ಇನ್‌ಸ್ಕ್ರಿಪ್ಟ್ ಸಿದ್ಧವಾಗಿಯೇ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದವರಿಗೆ ದೇವನಾಗರಿಯೊಡನೆಯೂ, ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ ತೆಲುಗಿನೊಡನೆಯೂ ಇದೇ ಅನ್ವಯ. ಹೊಸೂರು, ತಾಳವಾಡಿ, ನೀಲಗಿರಿಗಳ ಪರಿಸ್ಥಿತಿ ಸ್ವಲ್ಪ ಬೇರೆ. ತಮಿಳುನಾಡು ಸರಕಾರ 1999ರಲ್ಲಿ ‘ತಮಿಳ್ 99’ ಎಂಬ ಪ್ರತ್ಯೇಕ ವಿನ್ಯಾಸವನ್ನು ಅಂಗೀಕರಿಸಿರುವುದರಿಂದ ಅಲ್ಲಿನ ಮಗು ಎರಡು ವಿನ್ಯಾಸಗಳನ್ನು ಕಲಿಯಬೇಕಾಗಬಹುದು.

ವಿಂಡೋಸ್‌ನ ಮೂಲ ಕನ್ನಡ ವಿನ್ಯಾಸವೂ ಇನ್‌ಸ್ಕ್ರಿಪ್ಟೇ. ಮೊಬೈಲಿಗೆ ಬೇಕಾದವರು ‘ಇಂಡಿಕ್ ಕೀಬೋರ್ಡ್’ ಎಂಬ ಮುಕ್ತ ತಂತ್ರಾಂಶವನ್ನು ನೋಡಬಹುದು. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಆಸರೆಯಲ್ಲಿ ಬೆಳೆದ ಈ ತಂತ್ರಾಂಶದಲ್ಲಿ ಕನ್ನಡಕ್ಕೂ ಇನ್‌ಸ್ಕ್ರಿಪ್ಟ್ ಇದೆ.

ತೊಡಕು ತರುವ ಎರಡು ಪದಗಳು

‘ರ‍್ಯಾಂಕ್’ ಎಂದು ಬರೆಯಹೊರಟರೆ ‘ರ್ಯಾಂಕ್’ ಎಂದು ಅರ್ಕಾವೊತ್ತಿನೊಡನೆ ಮೂಡುವುದು ಎಲ್ಲರ ಅನುಭವ. ‘ಸೂರ್ಯ’ದಲ್ಲಿ ಸರಿಯಾದ ಆ ರೂಪ ಇಲ್ಲಿ ಒಪ್ಪುವುದಿಲ್ಲ. ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ‘ಜೋಡಕ’ ಸಂಕೇತವೊಂದನ್ನು ಸೇರಿಸಬೇಕು. ಕೀಲಿಮಣೆಗಳಲ್ಲಿ ಇದು ಜಡ್‌ಡಬ್ಲ್ಯುಜೆ ಎಂಬ ಹೆಸರಿನಲ್ಲಿರುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯಲು ಹಲಂತದ ಬಳಿಕ ಇನ್ನೊಂದು ಸಂಕೇತ, ಜಡ್‌ಡಬ್ಲ್ಯುಎನ್‌ಜೆ. ಮಗುವಿನ ಹೆಸರಿನಲ್ಲಿ ಇಂತಹ ಅಕ್ಷರಗಳಿದ್ದರೆ ಒಮ್ಮೆ ಸರಿಯಾಗಿ ಬರೆದು, ಫೋನಿನ ವೈಯಕ್ತಿಕ ನಿಘಂಟಿನಲ್ಲಿ ಉಳಿಸಿಡುವುದು ಲೇಸು.

ಹಳೆಯ ನುಡಿ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವು ಕೆಟ್ಟಿಲ್ಲ, ಯೂನಿಕೋಡಿಗೆ ಪರಿವರ್ತಿಸಿದರೆ ಓದಬಹುದು.

ಪರಿಷ್ಕರಣೆಗಳು ಮತ್ತು ಆಟಗಳು

ಆಟದ ಹೊಸ ಆವೃತ್ತಿ ಬಂದ ದಿನವೇ ಇಳಿಸಿಕೊಳ್ಳುವ ಮಕ್ಕಳು ಅದೇ ಪಟ್ಟಿಯಲ್ಲಿ ಕಾದಿರುವ ಕೀಲಿಮಣೆಯ ಪರಿಷ್ಕರಣೆಯನ್ನು ಗಮನಿಸುವುದಿಲ್ಲ. ದತ್ತಾಂಶದ ದೃಷ್ಟಿಯಿಂದ ಅದು ದೊಡ್ಡ ಆಟದ ಪರಿಷ್ಕರಣೆಯ ಒಂದು ಚೂರಷ್ಟೇ. ಪದಸೂಚನೆ, ಭದ್ರತೆಯ ಲೋಪಗಳ ದುರಸ್ತಿ ಎಲ್ಲವೂ ಅದರ ಮೂಲಕವೇ ಬರುತ್ತವೆ. ಪರಿಷ್ಕರಣೆಯ ಬಳಿಕ ವಿನ್ಯಾಸ ಬದಲಾದಂತೆ ಕಂಡರೆ ಕೀಲಿಮಣೆಯ ಭಾಷಾ ಆಯ್ಕೆಗಳನ್ನು ತೆರೆದು ಮತ್ತೆ ಆರಿಸಬೇಕು.

ಫೋನಿನಲ್ಲಿ ಸರಿಯಾಗಿ ಮೂಡುವ ಕನ್ನಡ ಹೆಸರು ಆಟದೊಳಗೆ ಒತ್ತಕ್ಷರ ಕಳಚಿ ಬೀಳುವುದೇಕೆ ಎಂದು ಮಕ್ಕಳು ಕೇಳುವುದುಂಟು. ಅನೇಕ ಆಟಗಳು ಫೋನಿನ ಅಕ್ಷರಜೋಡಣೆಯನ್ನು ಬಳಸದೆ ತಮ್ಮದನ್ನೇ ತರುತ್ತವೆ. ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆಯ ನಿಯಮಗಳಿರುವುದಿಲ್ಲ. ಆಟ ಕಟ್ಟುವ ಮುಕ್ತ ತಂತ್ರಾಂಶ ಗೋಡೋ ತನ್ನ 2023ರ 4.0 ಆವೃತ್ತಿಯಲ್ಲಿ ಈ ಕೊರತೆಯನ್ನು ನೀಗಿಸಿಕೊಂಡಿತು. ಕನ್ನಡದಲ್ಲಿ ಆಟ ಕಟ್ಟುವ ಆಸೆಯಿರುವ ಪ್ರೌಢಶಾಲೆಯ ಮಕ್ಕಳು ಅಲ್ಲಿಂದ ಆರಂಭಿಸಬಹುದು.

ಕೊಳ್ಳುವಾಗ, ಸ್ಥಾಪಿಸುವಾಗ

ಭಾರತದಲ್ಲಿ ಮಾರಾಟವಾಗುವ ಫೋನುಗಳು ಭಾರತದ 22 ಅನುಸೂಚಿತ ಭಾಷೆಗಳನ್ನೂ ಓದಲು ಬರುವಂತಿರಬೇಕು. ಬರೆಯಲು ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆ ಇರಬೇಕು ಎಂದು ಕೇಂದ್ರ ಸರಕಾರ 2016ರಲ್ಲಿ ಆದೇಶಿಸಿತು. ಜಾರಿಯ ಗಡುವು ಅನಂತರ ಮುಂದೆ ಹೋಯಿತು. ಆ ‘ಇನ್ನೊಂದು ಭಾಷೆ’ ಕನ್ನಡವೇ ಆಗಿರಬೇಕೆಂದಿಲ್ಲ ಎಂಬುದನ್ನು ಗಡಿಯಾಚೆಯ ಕನ್ನಡಿಗರು ಗಮನಿಸಬೇಕು. ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡ ಇದ್ದೇ ಇರುತ್ತದೆ. ಗುಂಡಿಯ ಸಾದಾ ಫೋನು ಕೊಳ್ಳುವವರು ಅಂಗಡಿಯಲ್ಲೇ ಒಂದು ಸಾಲು ಕನ್ನಡ ಬರೆದು ನೋಡುವುದು ಒಳಿತು.

ಹೊಸ ಕೀಲಿಮಣೆಯನ್ನು ಸಕ್ರಿಯಗೊಳಿಸುವಾಗ, ಗುಪ್ತಪದ ಸಹಿತ ನೀವು ಬರೆಯುವುದೆಲ್ಲವನ್ನೂ ಅದು ಸಂಗ್ರಹಿಸಬಲ್ಲದು ಎಂಬ ಎಚ್ಚರಿಕೆಯನ್ನು ಆಂಡ್ರಾಯ್ಡ್ ತೋರಿಸುತ್ತದೆ. ಇದು ಬರಿಯ ಔಪಚಾರಿಕತೆಯಲ್ಲ. 2017ರ ಡಿಸೆಂಬರಿನಲ್ಲಿ ‘ಎಐ.ಟೈಪ್’ ಎಂಬ ಕೀಲಿಮಣೆಯ ಸುಮಾರು 3.1 ಕೋಟಿ ಬಳಕೆದಾರರ ಮಾಹಿತಿ ಗುಪ್ತಪದದ ರಕ್ಷಣೆಯಿಲ್ಲದೆ ಬಯಲಾಗಿತ್ತು. ಬಣ್ಣಬಣ್ಣದ ಹಿನ್ನೆಲೆಗಳ ಆಸೆಗೆ ಅಪರಿಚಿತ ಕೀಲಿಮಣೆಗಳನ್ನು ಮಕ್ಕಳು ಇಳಿಸಿಕೊಂಡಿದ್ದರೆ, ಅದೇ ಫೋನಿನಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುವ ಮನೆಗಳಲ್ಲಿ ಅವನ್ನು ಇಂದೇ ತೆಗೆದುಹಾಕಬೇಕು.