ಚಾಕೊ ಯುದ್ಧವೂ 15 ಮೆಷಿನ್‌ಗನ್ನುಗಳೂ
ದಕ್ಷಿಣ ಅಮೆರಿಕದ ಬೊಲಿವಿಯ ಮತ್ತು ಪರಾಗ್ವೆ ರಾಜ್ಯಗಳು ಚಾಕೊ ಎಂಬ ಕುರುಚಲುಗಾಡಿನ ಬಯಲಿಗಾಗಿ 1932ರಿಂದ 1935ರ ವರೆಗೆ ಕಾದಾಡಿದುವು. ಆಯುಧಗಳಿಗೆ ಎರಡೂ ಬಹುಮಟ್ಟಿಗೆ ಪರದೇಶದ ವರ್ತಕರನ್ನೇ ನೆಚ್ಚಿದ್ದುವು. ಉಳಿದ ಸರಕಾರಗಳೊಡನೆ ಸಮಾಲೋಚಿಸಿ, ಕಾಂಗ್ರೆಸ್ ಸಭೆಯ ನಿರ್ಣಯದಂತೆ ಅಧ್ಯಕ್ಷ ರೂಸ್‌ವೆಲ್ಟರು 1934ನೆಯ ಮೇ 28ರಂದು ಸಂಯುಕ್ತ ಸಂಸ್ಥಾನಗಳಲ್ಲಿ ಈ ಉಭಯರಿಗೂ ಆಯುಧ ಮಾರುವುದನ್ನು ನಿಷೇಧಿಸಿದರು. ತಪ್ಪಿದವರಿಗೆ 10,000 ಡಾಲರುಗಳ ವರೆಗೆ ದಂಡ, 2 ವರ್ಷಗಳ ವರೆಗೆ ಸೆರೆ, ಇಲ್ಲವೆ ಎರಡೂ.

ಮರುದಿನದಿಂದಲೇ ಬೊಲಿವಿಯಕ್ಕೆ 15 ಮೆಷಿನ್‌ಗನ್ನುಗಳನ್ನು ಮಾರಲು ಒಳಸಂಚು ನಡೆಸಿದರೆಂದು ಕರ್ಟಿಸ್-ರೈಟ್ ರಫ್ತು ಕಂಪೆನಿಯವರ ಮೇಲೆ 1936ರ ಜನವರಿಯಲ್ಲಿ ಆಪಾದನೆ ಹೊರಿಸಲಾಯಿತು. ಆಪಾದನೆ ನಿಜವಾದಲ್ಲಿ, ಆಜ್ಞೆಗೆ ಒಂದು ದಿನದ ಮರ್ಯಾದೆಯೂ ಸಲ್ಲಲಿಲ್ಲವೆನ್ನಬೇಕು. ಅಷ್ಟರೊಳಗೆ ಯುದ್ಧವು ನಿಂತು, 1935ರ ನವೆಂಬರಿನಲ್ಲಿ ನಿಷೇಧವೂ ರದ್ದಾಗಿತ್ತು. ಕಂಪೆನಿಯವರು ಕೋವಿಗಳ ಮಾತನ್ನು ಬದಿಗಿಟ್ಟು ಕಾನೂನಿನ ತಕರಾರೆತ್ತಿದರು: ಶಾಸನಾಧಿಕಾರವನ್ನು ಕಾಂಗ್ರೆಸ್ಸು ಅಧ್ಯಕ್ಷನಿಗೆ ಒಪ್ಪಿಸಿದ್ದೇ ಅಕ್ರಮ, ರದ್ದಾದ ಆಜ್ಞೆಯಿಂದ ಶಿಕ್ಷೆಯೂ ಸಲ್ಲದು. ಜಿಲ್ಲಾ ನ್ಯಾಯಸ್ಥಾನವು ಮೊದಲನೆಯ ವಾದಕ್ಕೆ ತಲೆಬಾಗಿತು.

1936ನೆಯ ಡಿಸೆಂಬರ್ 21ರಂದು ಸುಪ್ರೀಂ ಕೋರ್ಟು ಎರಡನ್ನೂ ತಳ್ಳಿಹಾಕಿತು. ಪರರಾಷ್ಟ್ರ ವ್ಯವಹಾರದಲ್ಲಿ ಅಧ್ಯಕ್ಷನಿಗೆ ಹೆಚ್ಚಿನ ಸ್ವಾತಂತ್ರ್ಯವುಂಟೆಂದು ನ್ಯಾಯಮೂರ್ತಿ ಸದರ್ಲೆಂಡರು ಬರೆದರು. ನ್ಯಾಯವಾದಿಗಳು ಈ ತೀರ್ಪನ್ನು ಸ್ಮರಿಸುವುದು ಈ ಮಾತಿಗಾಗಿಯೇ. ಆದರೆ ಆಯುಧವ್ಯಾಪಾರಿಗೆ ನಿಜವಾಗಿ ತಟ್ಟುವ ಮಾತು ಇನ್ನೊಂದು: ನಿಷೇಧವಿದ್ದಾಗ ಗೈದ ಅಪರಾಧವು ನಿಷೇಧದೊಡನೆ ಅಳಿಯುವುದಿಲ್ಲ. ಮೊಕದ್ದಮೆಯು ಮುಂದಿನ ವಿಚಾರಣೆಗಾಗಿ ಕೆಳಗಿನ ನ್ಯಾಯಸ್ಥಾನಕ್ಕೆ ಮರಳಿತು.