ಕ್ಲೊವೆಲ್ಲಿಯ ಕಲ್ಲುದಾರಿ

ಕಳೆದ ವಾರ ಹಳೆಯ ಛಾಯಾಚಿತ್ರಗಳನ್ನು ಜೋಡಿಸಿಡುತ್ತಿದ್ದಾಗ 2009ರ ಇಂಗ್ಲೆಂಡ್ ಪ್ರವಾಸದ ಚಿತ್ರವೊಂದು ಕೈಗೆ ಬಂತು. ಕಡಿದಾದ ಕಲ್ಲುದಾರಿ, ಎರಡೂ ಬದಿಗೆ ಸುಣ್ಣ ಬಳಿದ ಪುಟ್ಟ ಮನೆಗಳು, ಕೆಳಗೆ ಕಡಲು, ನಡುವೆ ಕೊಡೆ ಊರಿಕೊಂಡು ನಿಂತ ನಾನು. “ಇದು ಯಾವ ಊರು ಅಜ್ಜ?” ಎಂದು ಮೊಮ್ಮಗಳು ಕೇಳಿದಳು. ಅವಳಿಗೆ ಹೇಳಿದ್ದನ್ನೂ, ಹೇಳದೆ ಉಳಿಸಿಕೊಂಡ ಒಂದು ಮಾತನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಹೆಸರು ಕ್ಲೊವೆಲ್ಲಿ. ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತ್ಯದಲ್ಲಿ, ಉತ್ತರಕ್ಕೆ ಮುಖ ಮಾಡಿದ ಕಡಲಕಡಿಯ ಮೇಲೆ ಅದು ತೂಗುಹಾಕಿದಂತಿದೆ. ಒಂದೇ ಬೀದಿ, ಅದು ಸುಮಾರು 400 ಅಡಿ ಇಳಿದು ದೋಣಿಕಟ್ಟೆಯನ್ನು ಮುಟ್ಟುತ್ತದೆ. ಆ ಬೀದಿಯಲ್ಲಿ ವಾಹನ ಸಂಚಾರವಿಲ್ಲ. ದಿನಸಿಯಿಂದ ಹಿಡಿದು ಮಂಚ, ಮೇಜಿನವರೆಗೆ ಎಲ್ಲವೂ ಗಾಲಿಯಿಲ್ಲದ ಮರದ ಜಾರುಬಂಡಿಯಲ್ಲಿಯೇ ಇಳಿಯಬೇಕು. ಹಿಂದೆ ಹೊರೆ ಹೊರುತ್ತಿದ್ದ ಕತ್ತೆಗಳು ಈಗ ಮಕ್ಕಳ ಮುದ್ದಿನ ಪ್ರಾಣಿಗಳು.

1086ರ ‘ಡೂಮ್ಸ್‌ಡೇ’ ದಾಖಲೆಯಲ್ಲಿಯೇ ಈ ಊರಿನ ಹೆಸರಿದೆ. ಆದರೆ ಅದನ್ನು ಬೆಸ್ತರ ಊರಾಗಿ ಬೆಳೆಸಿದವನು 16ನೆಯ ಶತಮಾನದ ಜಮೀನ್ದಾರ ಜಾರ್ಜ್ ಕ್ಯಾರಿ. ಬಂಡೆಗಳಿಂದ ತುಂಬಿದ ಆ ತೀರದಲ್ಲಿ ದೋಣಿಗಳಿಗೆ ಆಸರೆ ಇರಲಿಲ್ಲ. ಅವನು ಕಲ್ಲಿನ ಕಟ್ಟೆಯನ್ನೂ ಮೀನಿನ ನೆಲಮಾಳಿಗೆಗಳನ್ನೂ ಮನೆಗಳನ್ನೂ ಕಟ್ಟಿಸಿದ. ಮುಂದೆ ಶತಮಾನಗಳ ಕಾಲ ಊರನ್ನು ಸಾಕಿದ್ದು ಹೆರಿಂಗ್ ಮೀನು. ನಮ್ಮ ಬೂತಾಯಿಯ ಕುಲದ್ದೇ. 1738ರಲ್ಲಿ ಊರನ್ನು ಹ್ಯಾಮ್ಲಿನ್ ಮನೆತನ ಕೊಂಡುಕೊಂಡಿತು. 1884ರಿಂದ 1936ರವರೆಗೆ ಒಡತಿಯಾಗಿದ್ದ ಕ್ರಿಸ್ಟೀನ್ ಹ್ಯಾಮ್ಲಿನ್ ಶಿಥಿಲ ಮನೆಗಳನ್ನು ದುರಸ್ತಿ ಮಾಡಿಸಿದಳು. ಅನೇಕ ಮನೆಗಳ ಗೋಡೆಯ ಮೇಲೆ ಅವಳ ಹೆಸರಿನ ಮೊದಲಕ್ಷರಗಳು ಇಂದಿಗೂ ಕಾಣುತ್ತವೆ.

ಊರಿಗೆ ಊರೇ ಇಂದಿಗೂ ಒಂದೇ ಮನೆತನದ ಆಸ್ತಿ. ಪ್ರವೇಶಕ್ಕೆ ಶುಲ್ಕ ಕೊಡಬೇಕು. ಒಂದು ಹಳ್ಳಿಗೆ ಕಾಲಿಡಲು ಚೀಟಿಯೇ ಎಂದು ನಾನು ಗೊಣಗಿದ್ದುಂಟು. ಬಳಿಕ ವಿಚಾರ ತಿಳಿಯಿತು. ಆ ಹಣ ಊರಿನ ದುರಸ್ತಿಗೆ ಸಲ್ಲುತ್ತದೆ. ಮನೆಗಳನ್ನು ಮಾರುವುದಿಲ್ಲ, ಅಲ್ಲಿಯೇ ವಾಸಿಸುವವರಿಗೆ ಬಾಡಿಗೆಗೆ ಕೊಡುತ್ತಾರೆ. ಸಿರಿವಂತರ ರಜಾಮನೆಗಳಾಗಿ, ಚಳಿಗಾಲದಲ್ಲಿ ದೀಪವಿಲ್ಲದೆ ನಿಲ್ಲುವ ಗತಿ ಆ ಮನೆಗಳಿಗೆ ಬಂದಿಲ್ಲ. ಜಮೀನ್ದಾರಿಯನ್ನು ಎಂದೂ ಮೆಚ್ಚದ ನನಗೆ ಇದೊಂದು ಒಗಟಿನಂತೆ ಕಂಡಿತು. ಅದನ್ನು ಬಿಡಿಸಲು ಇನ್ನೂ ಆಗಿಲ್ಲ.

ಹೊರಗಿನವರನ್ನು ಇಲ್ಲಿಗೆ ಸೆಳೆದದ್ದು ಸಾಹಿತ್ಯ. ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್‌ಲಿ ಬಾಲ್ಯದ ಕೆಲವು ವರ್ಷಗಳನ್ನು ಇಲ್ಲಿಯೇ ಕಳೆದವನು. ಅವನ ತಂದೆ 1830ರ ದಶಕದಲ್ಲಿ ಇಲ್ಲಿಯ ಪಾದ್ರಿಯಾಗಿದ್ದ. ಹೆರಿಂಗ್ ಹಂಗಾಮಿನಲ್ಲಿ ದೋಣಿಗಳು ಹೊರಡುವಾಗ ಆ ಪಾದ್ರಿ ಹೆಂಡತಿ ಮಕ್ಕಳೊಡನೆ ಕಟ್ಟೆಗೆ ಇಳಿದು ಪ್ರಾರ್ಥನೆ ನಡೆಸುತ್ತಿದ್ದನಂತೆ. ಗಂಡಸರು ಹಾಡುತ್ತಿದ್ದರು, ಹೆಂಗಸರು ಅಳುತ್ತ ದನಿಗೂಡಿಸುತ್ತಿದ್ದರು. ಆ ಅಳು ಸುಮ್ಮನೆ ಬಂದದ್ದಲ್ಲ: 1821ರ ಬಿರುಗಾಳಿ ಊರಿನ ಅನೇಕ ದೋಣಿಗಳನ್ನೂ ಜೀವಗಳನ್ನೂ ನುಂಗಿತ್ತು, 1838ರಲ್ಲಿ ಅದೇ ದುರಂತ ಮರುಕಳಿಸಿತು. 1855ರಲ್ಲಿ ಕಿಂಗ್ಸ್‌ಲಿಯ ‘ವೆಸ್ಟ್‌ವರ್ಡ್ ಹೋ!’ ಪ್ರಕಟವಾದ ಮೇಲೆ ಪ್ರವಾಸಿಗರು ಬರತೊಡಗಿದರು. ಮೀನು ಕಡಿಮೆಯಾದಂತೆ ಊರು ಅವರನ್ನೇ ನೆಚ್ಚಿಕೊಂಡಿತು.

ಕಟ್ಟೆಯ ತುದಿಯಲ್ಲಿ ಕುಳಿತಾಗ ನನಗೆ ನೆನಪಾದದ್ದು ನಮ್ಮ ಕರಾವಳಿಯ ಒಂದು ತರಗತಿ. ಕಿಂಗ್ಸ್‌ಲಿಯ ಮೂವರು ಬೆಸ್ತರ ಪದ್ಯವನ್ನು ಪಾಠ ಮಾಡುತ್ತಿದ್ದೆ. ಲಯ, ಪ್ರಾಸ, ಅಲಂಕಾರಗಳನ್ನು ಬಹಳ ಉತ್ಸಾಹದಿಂದ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ಬಾಗಿಸಿ ಕುಳಿತಿದ್ದ. ನಿದ್ರಿಸುತ್ತಿದ್ದಾನೆಂದು ಭಾವಿಸಿ ಅವನನ್ನು ಗದರಿಸಿ ಪಾಠ ಮುಗಿಯುವವರೆಗೂ ನಿಲ್ಲಿಸಿದೆ. ಗಂಟೆ ಹೊಡೆದ ಬಳಿಕ ಮತ್ತೊಬ್ಬ ಹುಡುಗ ಬಂದು, “ಸಾರ್, ಅವನ ಅಪ್ಪ ಹೋದ ಮಳೆಗಾಲದಲ್ಲಿ ಕಡಲಿಗೆ ಹೋದವರು ತಿರುಗಿ ಬರಲಿಲ್ಲ” ಎಂದ. ಮರುದಿನ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡೆ. ಆದರೆ ತಪ್ಪಾಯಿತೆಂಬ ಒಂದು ಮಾತು ಮೇಷ್ಟರ ಬಾಯಿಗೆ ಬರಲಿಲ್ಲ.

ಕ್ಲೊವೆಲ್ಲಿಯ ಕಟ್ಟೆಯ ಬಳಿ 1870ರಲ್ಲಿ ಸ್ಥಾಪನೆಯಾದ ಜೀವರಕ್ಷಕ ದೋಣಿಯ ನೆಲೆಯಿದೆ. 1988ರಲ್ಲಿ ಅದನ್ನು ಮುಚ್ಚಿದಾಗ ಊರವರು ಸುಮ್ಮನಿರಲಿಲ್ಲ. ತಾವೇ ಒಂದು ದೋಣಿಯನ್ನಿಟ್ಟು ನಡೆಸಿದರು. 1998ರಲ್ಲಿ ನೆಲೆ ಮತ್ತೆ ತೆರೆಯಿತು. ಚಿತ್ರದಂತಹ ಆ ಊರಿನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಆ ದೋಣಿಮನೆಯೇ. ಕಡಲಿಗೆ ಹೋದವರನ್ನು ಮರೆಯದ ಜನ ಕಟ್ಟಿಕೊಂಡ ಮನೆ ಅದು.

ಹಿಂದಿನ ಬೆಂಚಿನ ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡಿರಬಹುದು. ಅವನು ಇದನ್ನು ಓದಿದರೆ, ಅಥವಾ ನಿಮ್ಮಲ್ಲಿ ಯಾರಾದರೂ ಓದಿ ಅವನಿಗೆ ತಿಳಿಸಿದರೆ, ಇಷ್ಟನ್ನು ಹೇಳಿ: ಅಂದು ಪದ್ಯ ಅರ್ಥವಾಗಿದ್ದು ಅವನೊಬ್ಬನಿಗೇ. ಮೇಷ್ಟರಿಗೆ ಅರ್ಥವಾಗಲು ಆ ಕಲ್ಲುದಾರಿ ಇಳಿಯಬೇಕಾಯಿತು.